ಹನ್ನೆರಡನೇ ಕ್ಲಾಸ್ ಮುಗ್ಸಿ ಕಾಲೇಜಿಗೆ ಮುಂಚೆ ಒಂದು ವರ್ಷ ಬ್ರೇಕ್ ಕೇಳ್ತಿದಾಳೆ ಮಗಳು, ಒಪ್ಕೊಳ್ಳೋದಾ?

ರಾತ್ರಿಪಾಳಿ
ಎಲ್ರಿಗೂ ನಮಸ್ಕಾರ. ಮಗಳು ಹನ್ನೆರಡನೇ ಕ್ಲಾಸ್ ಮುಗಿಸಿದಾಳೆ, ಮಾರ್ಕ್ಸ್ ಚೆನ್ನಾಗೇ ಬಂದಿದೆ, ಕೇಳಿದ ಕೋರ್ಸಿಗೆ ಸೀಟೂ ಸಿಕ್ಕಿದೆ. ಈಗ ಒಂದು ವರ್ಷ ಬಿಟ್ಟು ಸೇರ್ತೀನಿ ಅಂತಿದಾಳೆ. ಯಾಕಮ್ಮಾ ಅಂದ್ರೆ, ಅಪ್ಪಾ ಪುಸ್ತಕ ಮುಟ್ಟಿದ್ರೆ ಸಾಕು ತಲೆ ಭಾರ ಆಗುತ್ತೆ, ಈ ಕೋರ್ಸ್ ನಾನು ಆರಿಸ್ಕೊಂಡಿದ್ದಾ ಇಲ್ಲಾ ಎಲ್ರೂ ಓಡ್ತಿದಾರೆ ಅಂತ ನಾನೂ ಓಡಿದ್ದಾ ಅಂತಾನೇ ಗೊತ್ತಾಗ್ತಿಲ್ಲ ಅಂತಾಳೆ. ಅವರಮ್ಮ ಬೇಡವೇ ಬೇಡ ಅಂತಾರೆ, ಒಂದ್ಸಲ ಬಿಟ್ರೆ ಓದೋ ಅಭ್ಯಾಸನೇ ತಪ್ಪಿಹೋಗುತ್ತೆ ಅಂತ. ನಂಗೆ ಇಬ್ರು ಮಾತೂ ಸರಿ ಅನ್ಸುತ್ತೆ, ಅದೇ ಕಷ್ಟ ಆಗಿರೋದು. ಬ್ರೇಕ್ ತಗೊಂಡು ಆಮೇಲೆ ಕಾಲೇಜಿಗೆ ಹೋದವ್ರು ಯಾರಾದ್ರೂ ಇದ್ರೆ ನಿಜವಾಗ್ಲೂ ಏನಾಯ್ತು ಅಂತ ಹೇಳಿ. ಸೀಟ್ ಉಳಿಸ್ಕೊಳ್ಳೋ ದಾರಿ ಗೊತ್ತಿದ್ರೂ ಹೇಳಿ. ಫೀ ಕಟ್ಟೋ ಕೊನೇ ದಿನ ಹತ್ರ ಬರ್ತಿದೆ.

ಸೀದಾಮಾತು
ಬೇಡ ಸರ್. ಓದೋ ವಯಸ್ಸಲ್ಲಿ ಓದ್ಬೇಕು. ಸುಸ್ತು ಯಾರಿಗಾಗಲ್ಲ?

ನೀಲಿಕೊಡೆ
ನಾನು ತಗೊಂಡಿದ್ದೆ, ಅದಕ್ಕೇ ಬರೀತಿದೀನಿ. ಮೊದಮೊದಲು ಬರೀ ನಿದ್ದೆ, ಆಮೇಲೆ ಬೇಜಾರು ಶುರುವಾಯ್ತು, ಬೇಜಾರು ತಡೀಲಾರದೆ ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸಕ್ಕೆ ಸೇರ್ಕೊಂಡೆ. ಪ್ರೂಫ್ ನೋಡೋದು, ಪೇಪರ್ ಲೆಕ್ಕ ಇಡೋದು, ಹೇಳಿದ ಟೈಮಿಗೆ ಮಾಲು ಸಿಗದಿದ್ರೆ ಕೂಗಾಡೋ ಗಿರಾಕಿಗಳಿಗೆ ಸಮಾಧಾನ ಹೇಳೋದು. ಸ್ಕೂಲಲ್ಲಿ ತಪ್ಪು ಮಾಡಿದ್ರೆ ನನ್ನ ಮಾರ್ಕ್ಸ್ ಮಾತ್ರ ಹೋಗ್ತಿತ್ತು, ಅಲ್ಲಿ ತಪ್ಪು ಮಾಡಿದ್ರೆ ಬೇರೆಯವ್ರ ದುಡ್ಡು ಹೋಗುತ್ತೆ ಅನ್ನೋದು ತಲೆಗೆ ಇಳೀತು. ಕಾಲೇಜಿಗೆ ಹೋದಾಗ ಕ್ಲಾಸಲ್ಲಿ ಕೈ ಎತ್ತಿ ಕೇಳೋಕೆ ಹೆದರಿಕೇನೇ ಆಗ್ಲಿಲ್ಲ.

ಆದ್ರೆ ಸರ್ ಒಂದು ವಿಷ್ಯ ಯಾರೂ ಹೇಳಲ್ಲ, ಒಂಟಿತನ. ಫ್ರೆಂಡ್ಸ್ ಎಲ್ಲಾ ಹೊಸ ಕಾಲೇಜು ಹೊಸ ಹಾಸ್ಟೆಲ್ ಅಂತ ಗ್ರೂಪಲ್ಲಿ ಫೋಟೋ ಹಾಕ್ತಿರ್ತಾರೆ, ನಾವು ಮಾತ್ರ ಹಳೇ ರೂಮಲ್ಲೇ ಕೂತಿರ್ತೀವಿ. ಅದಕ್ಕೆ ಮಗಳನ್ನ ಮೊದಲೇ ತಯಾರು ಮಾಡಿ.

ಗಣಿತಮೇಷ್ಟ್ರು
ತಾಯಿಯವ್ರ ಭಯಕ್ಕೆ ಆಧಾರ ಇದೆ ರೀ, ತಳ್ಳಿಹಾಕ್ಬೇಡಿ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು 1885ರಲ್ಲಿ ಮರೆವಿನ ಬಗ್ಗೆ ಬರೆದಿದ್ದು ಇವತ್ತಿಗೂ ಪಾಠದಲ್ಲಿದೆ. ಕಲಿತಿದ್ದು ಶುರುವಲ್ಲೇ ಜೋರಾಗಿ ಮರೆತುಹೋಗುತ್ತೆ, ಆಮೇಲೆ ನಿಧಾನ. ಒಂದು ವರ್ಷ ಮುಟ್ಟದಿದ್ರೆ ಇಂಟಿಗ್ರೇಷನ್ ಎಲ್ಲಾ ಕೈತಪ್ಪುತ್ತೆ. ಇಂಗ್ಲೆಂಡಲ್ಲಿ ಮಿಕ್ಕ ಕೋರ್ಸಿಗೆ ಗ್ಯಾಪ್ ಒಪ್ಪೋ ಯೂನಿವರ್ಸಿಟಿಗಳಲ್ಲೂ ಗಣಿತದ ಮೇಷ್ಟ್ರುಗಳು ನೇರವಾಗಿ ಬಂದ್ರೇ ಒಳ್ಳೇದು ಅನ್ನೋದುಂಟು.

ಆದ್ರೆ ಅದೇ ಎಬ್ಬಿಂಗ್‌ಹೌಸ್ ಅಳೆದಿದ್ದು ಏನು ಗೊತ್ತಾ, ಮರೆತಿದ್ದನ್ನ ತಿರುಗಿ ಕಲಿಯುವಾಗ ಎಷ್ಟು ಶ್ರಮ ಉಳಿತಾಯ ಆಗುತ್ತೆ ಅಂತ. ಎರಡನೇ ಸಲ ಕಲಿಯೋದು ಮೊದಲ ಸಲಕ್ಕಿಂತ ಬೇಗ. ಅಂದ್ರೆ ಪೂರ್ತಿ ಅಳಿಸಿಹೋಗಿರಲ್ಲ. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಲೆಕ್ಕ ಮಾಡ್ಕೊಂಡಿದ್ರೂ ಸಾಕು. ಕೋರ್ಸ್ ಯಾವ್ದು ಅಂತ ನೀವು ಬರ್ದಿಲ್ಲ, ಅದರ ಮೇಲೆ ಹೋಗುತ್ತೆ ಇದು.

ಮಳೆಬಿಲ್ಲು
ಒಬಾಮಾ ಮಗಳು ಮಲಿಯಾನೇ ತಗೊಂಡ್ಲು, 2016ರಲ್ಲಿ ಸ್ಕೂಲ್ ಮುಗ್ಸಿ 2017ಕ್ಕೆ ಹಾರ್ವರ್ಡ್ ಸೇರಿದ್ಲು. ಏನೂ ಆಗ್ಲಿಲ್ಲ.

ಸೀದಾಮಾತು
ಅಧ್ಯಕ್ಷರ ಮಗಳಿಗೆ ಏನಾಗುತ್ತೆ ಮೇಡಂ? ಆ ಉದಾಹರಣೆ ಬಿಡಿ. ಅದೇ ಅಮೆರಿಕದ ಶಿಕ್ಷಣ ಇಲಾಖೆ ಅಂಕಿಅಂಶ ತೆಗೆದು ನೋಡಿ, ಸ್ಕೂಲ್ ಮುಗಿದ ಮೇಲೆ ತಡ ಮಾಡಿ ಕಾಲೇಜಿಗೆ ಸೇರೋರಲ್ಲಿ ಡಿಗ್ರಿ ಮುಗಿಸೋರು ಕಮ್ಮಿ. ಇದು ನನ್ನ ಅಭಿಪ್ರಾಯ ಅಲ್ಲ. ಒಂದು ವರ್ಷ ಅಂತ ಬಿಟ್ಟೋರು ಎಷ್ಟು ಜನ ವಾಪಸ್ ಬರದೇ ಉಳಿದಿದಾರೆ ನಮ್ಮ ಸುತ್ತಮುತ್ತಾನೇ ನೋಡಿಲ್ವಾ?

ಲೈಬ್ರರಿಅಕ್ಕ
ಸೀದಾಮಾತು ಅವ್ರೇ, ಅಂಕಿ ಸರಿ, ಆದ್ರೆ ಅದ್ರಲ್ಲಿ ಯಾರ್ಯಾರು ಸೇರಿದಾರೆ ನೋಡಿ. ಫೀ ಹೊಂದಿಸೋಕಾಗದೆ ಕೆಲಸಕ್ಕೆ ಹೋದವ್ರು, ಮನೇಲಿ ಯಾರೋ ಹುಷಾರಿಲ್ಲ ಅಂತ ನಿಂತವ್ರು, ಮದುವೆ ಮಗು ಆದವ್ರು, ಎಲ್ಲಾ ಒಂದೇ ಲೆಕ್ಕದಲ್ಲಿ. ಅವ್ರು ಡಿಗ್ರಿ ಮುಗಿಸದೇ ಇರೋಕೆ ಕಾರಣ ಆ ಒಂದು ವರ್ಷಾನಾ ಇಲ್ಲಾ ಆ ವರ್ಷ ಬಿಡೋ ಹಾಗೆ ಮಾಡಿದ ಪರಿಸ್ಥಿತೀನಾ? ಸೀಟ್ ಕೈಯಲ್ಲಿಟ್ಕೊಂಡು ಬೇಕು ಅಂತ ನಿಲ್ಲೋ ಹುಡುಗೀನೂ ಅವ್ರೂ ಒಂದೇ ಅಲ್ಲ.

2010ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಮಾರ್ಟಿನ್ ಅನ್ನೋ ಸಂಶೋಧಕರು ಇದನ್ನೇ ನೋಡಿದ್ರು. ಬ್ರೇಕ್ ಬೇಕು ಅನ್ನೋರಲ್ಲಿ ಸ್ಕೂಲಲ್ಲಿದ್ದಾಗ ಓದಿನ ಉತ್ಸಾಹ ಕಮ್ಮಿ ಇದ್ದೋರು, ಮುಂದೇನು ಅಂತ ಗೊತ್ತಿಲ್ದೋರು ಜಾಸ್ತಿ ಅಂತ ಸಿಕ್ತು. ಆದ್ರೆ ಬ್ರೇಕ್ ಮುಗ್ಸಿ ಯೂನಿವರ್ಸಿಟಿಗೆ ಬಂದೋರಲ್ಲಿ ಉತ್ಸಾಹ ಚೆನ್ನಾಗೇ ಇತ್ತು.

ಸೀದಾಮಾತು
"ಬಂದೋರಲ್ಲಿ". ಬರದೇ ಇದ್ದೋರನ್ನ ಯಾರು ಕೇಳಿದ್ರು ಅಕ್ಕ?

ಲೈಬ್ರರಿಅಕ್ಕ
ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಸೀಟ್ ಬಿಡದೇ ಬ್ರೇಕ್ ತಗೊಳ್ಳಿ ಅಂತ ನಾನು ಒತ್ತಿ ಹೇಳೋದು. ವಾಪಸ್ ಬರೋ ಜಾಗ ಇರ್ಬೇಕು, ತಾರೀಖು ಇರ್ಬೇಕು.

ಕಾಡುಹಾದಿ
ಅಣ್ಣಾರ, ಇದನ್ನ ಒಂದು ಮನಿ ಸಮಸ್ಯಾ ಅಂತ ನೋಡಬ್ಯಾಡ್ರಿ. ಡೆನ್ಮಾರ್ಕ್‌ನ್ಯಾಗ ಇದಕ್ಕಂತನ ಸಾಲಿ ಅದಾವ್ರಿ, ಫೋಕ್ ಹೈಸ್ಕೂಲ್ ಅಂತಾರ. ಗ್ರುಂಟ್ವಿಗ್ ಅನ್ನೋ ಚಿಂತಕನ ವಿಚಾರದಿಂದ ಹುಟ್ಟಿದ್ದು, ಮೊದಲನೇದು 1844ರಾಗ ರೊಡ್ಡಿಂಗ್ ಅನ್ನೋ ಊರಾಗ ಸುರು ಆತು. ಪರೀಕ್ಷಾ ಇಲ್ಲ, ಮಾರ್ಕ್ಸ್ ಇಲ್ಲ, ಅಲ್ಲೇ ಇದ್ದು ಹಾಡು, ಬಡಿಗತನ, ತತ್ವಜ್ಞಾನ, ಆಟ, ಏನ್ ಬೇಕೋ ಅದನ್ನ ಕಲೀತಾರ. ನಾರ್ವೆದಾಗೂ ಹಂಗ ಐತಿ. ಅಲ್ಲಿ ಹುಡುಗ್ರು ಸಾಲಿ ಮುಗಿಸಿ ಸೀದಾ ಯೂನಿವರ್ಸಿಟಿಗೆ ಓಡೂದೇ ಕಡಿಮಿ.

ಇನ್ನೊಂದು ಕೇಳ್ರಿ. ಇವ್ರು ಭಾಳ ತಡಾ ಮಾಡ್ತಾರ ಅಂತ ಡೆನ್ಮಾರ್ಕ್ ಸರಕಾರ 2009ರಾಗ ಒಂದು ಆಸೆ ತೋರಿಸ್ತು. ಸಾಲಿ ಮುಗದ ಎರಡು ವರ್ಷದಾಗ ಅರ್ಜಿ ಹಾಕಿದ್ರ ನಿಮ್ಮ ಸರಾಸರಿ ಅಂಕಾನ 1.08ರಿಂದ ಗುಣಿಸಿ ಕೊಡ್ತೀವಿ ಅಂತ. 2020ರ ಅಡ್ಮಿಷನ್ ಹೊತ್ತಿಗೆ ಅದನ್ನ ತಗದ ಹಾಕಿದ್ರು. ಗಡಿಬಿಡಿ ಮಾಡಿ ತಪ್ಪು ಕೋರ್ಸ್ ಹಿಡಿಯೂದು ಬ್ಯಾಡ ಅಂತ.

ಹಳೇಸೈಕಲ್
ಐರ್ಲೆಂಡಲ್ಲೂ ಕಾಲೇಜಿಗೆ ಮುಂಚೆ ಒಂದು ವರ್ಷ ಸರ್ಕಾರವೇ ಕೊಡುತ್ತಲ್ಲ, ಟ್ರಾನ್ಸಿಷನ್ ಇಯರ್ ಅಂತ.

ಲೈಬ್ರರಿಅಕ್ಕ
ಅದು ಕಾಲೇಜಿಗೆ ಮುಂಚೆ ಅಲ್ಲ, ಹೈಸ್ಕೂಲ್ ನಡುವೆ ಬರೋದು, ಹದಿನೈದು ಹದಿನಾರು ವಯಸ್ಸಲ್ಲಿ. 1974ರಲ್ಲಿ ಶುರುವಾಗಿದ್ದು. ಕೆಲಸದ ಅನುಭವ, ನಾಟಕ, ಸಮಾಜ ಸೇವೆ ಇದೆಲ್ಲಾ ಇರುತ್ತೆ. ಆಲೋಚನೆ ಒಂದೇ ಥರ, ಆದ್ರೆ ಆ ಮಕ್ಕಳು ಇನ್ನೂ ಸ್ಕೂಲಲ್ಲೇ ಇರ್ತಾರೆ. ನೀವು ಹೇಳೋದಕ್ಕೆ ಹತ್ತಿರ ಇರೋದು ಜರ್ಮನಿದು. 1964ರ ಕಾನೂನು ಪ್ರಕಾರ ಯುವಕರು ಒಂದು ವರ್ಷ ಆಸ್ಪತ್ರೆಲೋ ವೃದ್ಧಾಶ್ರಮದಲ್ಲೋ ಸೇವೆ ಮಾಡ್ಬೋದು, ಪಾಕೆಟ್ ಮನಿ ಕೊಡ್ತಾರೆ, ಇನ್ಶೂರೆನ್ಸ್ ಇರುತ್ತೆ. 2011ರಲ್ಲಿ ಕಡ್ಡಾಯ ಸೈನ್ಯ ಸೇವೆ ನಿಲ್ಸಿದಾಗ ಜೊತೆಗೆ ಇನ್ನೊಂದು ಸ್ವಯಂಸೇವೆ ಯೋಜನೇನೂ ತಂದ್ರು.

ಹಳೇಸೈಕಲ್
ಸೈನ್ಯ ಅಂದಾಗ ನೆನಪಾಯ್ತು, ಸಿಂಗಾಪುರದಲ್ಲಿ ಗಂಡು ಹುಡುಗ್ರು ಎರಡು ವರ್ಷ ರಾಷ್ಟ್ರೀಯ ಸೇವೆ ಮಾಡ್ಲೇಬೇಕು, ಯೂನಿವರ್ಸಿಟಿ ಸೀಟು ಅಲ್ಲಿವರೆಗೂ ಕಾದಿರುತ್ತೆ. ಎರಡು ವರ್ಷ ಓದು ಬಿಟ್ಟು ಬಂದ ಹುಡುಗ್ರೇ ಎಂಜಿನಿಯರೂ ಡಾಕ್ಟ್ರೂ ಆಗ್ತಿದಾರಲ್ಲ. ಬಿಟ್ರೆ ಅಭ್ಯಾಸ ಹೋಗ್ಬಿಡುತ್ತೆ ಅನ್ನೋ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ?

ಗಣಿತಮೇಷ್ಟ್ರು
ಅಲ್ಲಿ ಎಲ್ರೂ ಒಟ್ಟಿಗೆ ಬಿಡ್ತಾರೆ ರೀ, ಎಲ್ರೂ ಒಟ್ಟಿಗೆ ವಾಪಸ್ ಬರ್ತಾರೆ. ಬೆಳಗ್ಗೆ ಏಳೋದ್ರಿಂದ ಹಿಡಿದು ಎಲ್ಲಾ ಶಿಸ್ತು ಬೇರೆಯವ್ರು ಹಾಕಿರ್ತಾರೆ. ಮನೇಲಿ ಒಬ್ಳೇ ಕೂತ ಹುಡುಗಿಗೆ ಆ ಶಿಸ್ತು ಯಾರು ಹಾಕೋರು?

ಎರಡನೇಬೆಂಚು
ನಾನು ಹನ್ನೆರಡನೇ ಕ್ಲಾಸ್, ಹಾಗಾಗಿ ಈ ಕಡೆಯಿಂದ ಹೇಳ್ತೀನಿ. ಬ್ರೇಕ್ ಅಂದ ತಕ್ಷಣ ದೊಡ್ಡೋರೆಲ್ಲಾ ಪ್ಲಾನ್ ಏನು ಪ್ಲಾನ್ ಏನು ಅಂತ ಕೇಳ್ತೀರ. ಇಷ್ಟು ವರ್ಷ ಬೆಳಗ್ಗೆಯಿಂದ ರಾತ್ರಿವರೆಗೂ ಟೈಮ್‌ಟೇಬಲ್ ನೀವೇ ಕೊಟ್ರಿ, ಸ್ಕೂಲು, ಟ್ಯೂಷನ್, ಟೆಸ್ಟು, ಸ್ವಂತ ಪ್ಲಾನ್ ಮಾಡೋಕೆ ಒಂದು ಭಾನುವಾರನೂ ಬಿಟ್ಟಿಲ್ಲ, ಈಗ ಒಂದು ವರ್ಷದ ಪ್ಲಾನ್ ಒಂದೇ ವಾರದಲ್ಲಿ ಬರ್ದು ತೋರ್ಸು ಅಂದ್ರೆ ಎಲ್ಲಿಂದ ಬರುತ್ತೆ? ಅಂಕಲ್, ನಿಮ್ಮ ಮಗಳು ಗೊತ್ತಿಲ್ಲ ಅಂತ ನಿಮ್ಮ ಮುಂದೆ ಹೇಳಿದಾಳಲ್ಲ, ಅದೇ ದೊಡ್ಡದು. ನಮ್ಮಲ್ಲಿ ಎಷ್ಟೋ ಜನ ಮನೇಲಿ ಅದನ್ನ ಬಾಯೇ ಬಿಡಲ್ಲ. ಸುಮ್ನೆ ಹೋಗಿ ಸೇರ್ತಾರೆ, ಎರಡನೇ ಸೆಮಿಸ್ಟರಲ್ಲಿ ಕ್ಲಾಸಿಗೆ ಹೋಗೋದು ನಿಲ್ಲಿಸ್ತಾರೆ.

ನೀಲಿಕೊಡೆ
ಎಷ್ಟು ಸರಿಯಾಗಿ ಹೇಳ್ದೆ ಪುಟ್ಟಾ.

ಸೀದಾಮಾತು
ತಮ್ಮಾ, ನಿನ್ನ ಮಾತಲ್ಲಿ ನ್ಯಾಯ ಇದೆ, ಒಪ್ತೀನಿ. ಆದ್ರೆ ಪ್ಲಾನ್ ಇಲ್ಲದ ವರ್ಷ ಫೋನಿಗೆ ಹೋಗುತ್ತೆ. ಅದಕ್ಕೆ ನಿನ್ನ ಹತ್ರ ಉತ್ತರ ಇದೆಯಾ?

ಎರಡನೇಬೆಂಚು
ಮೊದಲ ಒಂದೆರಡು ತಿಂಗಳು ಹೋಗ್ಬೋದು ಅಣ್ಣ. ವರ್ಷವಿಡೀ ಯಾರಿಗೂ ಆಗಲ್ಲ, ಬೇಜಾರಾಗುತ್ತೆ. ಮೇಲೆ ನೀಲಿಕೊಡೆ ಅಕ್ಕಾನೂ ಅದನ್ನೇ ಬರ್ದಿದಾರೆ.

ಬಿಳಿಕೋಟು
ಚರ್ಚೆ ಮಧ್ಯೆ ಒಂದು ವೈದ್ಯಕೀಯ ಮಾತು. ಪುಸ್ತಕ ಮುಟ್ಟಿದ್ರೆ ತಲೆ ಭಾರ ಅನ್ನೋದು ಬರೀ ಓದಿನ ಸುಸ್ತಾ ಅಥವಾ ಡಿಪ್ರೆಷನ್ನಾ ಅಂತ ಮೊದಲು ನೋಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿರೋದು, ಮೊದಲು ಖುಷಿ ಕೊಡ್ತಿದ್ದ ವಿಷ್ಯಗಳೂ ಬೇಡ ಅನ್ಸೋದು, ನಿದ್ದೆ ಹಸಿವು ಏರುಪೇರಾಗಿರೋದು, ತಾನು ಯಾತಕ್ಕೂ ಬರಲ್ಲ ಅನ್ನೋ ಮಾತು ಬರ್ತಿರೋದು, ಇವೆಲ್ಲಾ ಇದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಬ್ರೇಕ್ ಅದಕ್ಕೆ ಔಷಧ ಅಲ್ಲ. ದಿನದ ಕಟ್ಟುಪಾಡು ಇಲ್ಲದ ಖಾಲಿ ವರ್ಷ ಅಂಥ ಮಕ್ಕಳಿಗೆ ಇನ್ನೂ ಭಾರ ಆಗ್ಬೋದು.

ಇನ್ನೊಂದು, ನಿದ್ದೆ. ಈ ವಯಸ್ಸಿನವ್ರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ದೇಹದ ಗಡಿಯಾರವೂ ತಡವಾಗಿ ಮಲಗೋ ಕಡೆ ಜಾರಿರುತ್ತೆ. ಅದಕ್ಕೇ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲಿ ದೊಡ್ಡ ಮಕ್ಕಳ ಸ್ಕೂಲು ಬೆಳಗ್ಗೆ 8.30ಕ್ಕಿಂತ ಮುಂಚೆ ಶುರು ಮಾಡ್ಬೇಡಿ ಅಂತ ಹೇಳಿತು. ಪರೀಕ್ಷೆ ವರ್ಷಗಳಲ್ಲಿ ನಾವು ಮಕ್ಕಳನ್ನ ಆರು ಗಂಟೆಗಿಂತ ಕಮ್ಮಿ ಮಲಗಿಸಿ ಆಮೇಲೆ ಯಾಕೆ ಉತ್ಸಾಹ ಇಲ್ಲ ಅಂತ ಕೇಳ್ತೀವಿ. ಮೊದಲು ಒಂದು ತಿಂಗಳು ಕಣ್ತುಂಬ ನಿದ್ದೆ ಮಾಡ್ಲಿ, ಆಮೇಲೂ ಅದೇ ಮಾತು ಹೇಳ್ತಾಳಾ ನೋಡಿ.

ಮಳೆಬಿಲ್ಲು
8.30ರ ವಿಷ್ಯ ನಮ್ಮ ಹುಡುಗನ ಸ್ಕೂಲಿಗೆ ಯಾರಾದ್ರೂ ಹೇಳಿ ಪ್ಲೀಸ್. ಏಳಕ್ಕೆ ಗೇಟ್ ಹಾಕ್ತಾರೆ.

ಹಳೇಸೈಕಲ್
ನಮ್ದೂ ಅದೇ ಕಥೆ. ಬೇರೆ ಥ್ರೆಡ್ ಮಾಡಿ ಮೇಡಂ, ಬರೆಯೋದು ಬಹಳ ಇದೆ ಅದ್ರ ಬಗ್ಗೆ.

ಕೈಗಡ
ಯಾರೂ ದುಡ್ಡಿನ ಮಾತೇ ಎತ್ತುತ್ತಿಲ್ಲ. ಬ್ರೇಕ್ ಅನ್ನೋದು ಒಂದು ವರ್ಷ ದುಡಿಮೆ ಇಲ್ದೇ ಇದ್ರೂ ನಡೆಯೋ ಮನೆಯವ್ರಿಗೆ ಸುಲಭ. ಮಿಕ್ಕವ್ರಿಗೆ ಒಂದು ವರ್ಷ ತಡ ಅಂದ್ರೆ ಒಂದು ವರ್ಷದ ಸಂಬಳ ತಡ. ಜೊತೆಗೆ ಫೀ ಏರುತ್ತೆ. ಇಂಗ್ಲೆಂಡಲ್ಲಿ 2012ರಿಂದ ಫೀ ಮಿತಿ 9000 ಪೌಂಡ್‌ಗೆ ಹತ್ತಿದಾಗ, ಅಂದ್ರೆ ಮುಂಚೆಗಿಂತ ಸುಮಾರು ಮೂರು ಪಟ್ಟು, 2011ರಲ್ಲಿ ಬ್ರೇಕ್ ತಗೋಬೇಕು ಅಂದ್ಕೊಂಡಿದ್ದೋರಲ್ಲಿ ಬಹಳ ಜನ ಓಡಿ ಹೋಗಿ ಸೇರ್ಕೊಂಡ್ರು. ಕನಸು ಅಷ್ಟೇ ಇತ್ತು, ಲೆಕ್ಕ ಬದಲಾಯ್ತು.

ಸ್ಕಾಲರ್‌ಶಿಪ್ ಇದ್ರೆ ಇನ್ನೂ ಹುಷಾರು. ಸೀಟು ಮುಂದಕ್ಕೆ ಹಾಕ್ತಾರೆ, ಸ್ಕಾಲರ್‌ಶಿಪ್ ಮುಂದಕ್ಕೆ ಹಾಕ್ತಾರೆ ಅಂತೇನಿಲ್ಲ. ಎರಡೂ ಬೇರೆ ಬೇರೆ ಆಫೀಸು, ಬೇರೆ ಬೇರೆ ನಿಯಮ. ನನ್ನ ತಂಗಿಗೆ ಒಂದು ಕಾಲೇಜಲ್ಲಿ ಕೌಂಟರಲ್ಲಿ ಕೂತವ್ರು ಆಗುತ್ತಮ್ಮ ಮುಂದಿನ ವರ್ಷ ಬಾ ಅಂತ ಬಾಯಿಮಾತಲ್ಲಿ ಹೇಳಿ ಕಳಿಸಿದ್ರು. ಮುಂದಿನ ವರ್ಷ ಹೋದ್ರೆ ಹೊಸದಾಗಿ ಅರ್ಜಿ ಹಾಕಿ ಅಂದ್ರು, ಹಾಗೆ ಹೇಳಿದವ್ರು ಯಾರು ಅಂತ ನಮ್ಮನ್ನೇ ಕೇಳಿದ್ರು. ಬರಹದಲ್ಲಿ ಇಲ್ದಿದ್ರೆ ಏನೂ ಇಲ್ಲ ಅಂತಾನೇ ತಿಳ್ಕೊಳ್ಳಿ.

ಲೈಬ್ರರಿಅಕ್ಕ
ದುಡ್ಡಿನ ವಿಷ್ಯದಲ್ಲಿ ಇದೇ ನಿಜವಾದ ಅನ್ಯಾಯ. ಪ್ರಿನ್ಸ್‌ಟನ್ ಯೂನಿವರ್ಸಿಟಿ 2009ರಲ್ಲಿ ಬ್ರಿಡ್ಜ್ ಇಯರ್ ಅಂತ ಶುರು ಮಾಡಿತು, ಒಂಬತ್ತು ತಿಂಗಳು ಬೇರೆ ದೇಶದಲ್ಲಿ ಸೇವೆ, ಫೀ ಇಲ್ಲ, ಆಮೇಲೆ ಬಂದು ಮೊದಲ ವರ್ಷ ಸೇರೋದು. ಮೊದಲ ತಂಡದಲ್ಲಿ ಕೆಲವರು ನಮ್ಮ ವಾರಾಣಸಿಗೇ ಬಂದಿದ್ರು. ಕಾಲೇಜೇ ಖರ್ಚು ಹೊತ್ರೆ ಬಡ ಮಕ್ಕಳಿಗೂ ಆ ವರ್ಷ ಸಿಗುತ್ತೆ. ಆದ್ರೆ ಅಂಥ ಜಾಗ ಬೆರಳೆಣಿಕೆ.

ಕಾಡುಹಾದಿ
ರೊಕ್ಕಾ ಕೊಟ್ಟು ಸೇವಾ ಮಾಡಾಕ ಕಳಸೋ ಕಂಪನಿಗಳ ಬಗ್ಗೆ ಹುಷಾರ್ ಇರ್ರಿ ಮತ್ತ. ಅದ್ರಾಗೂ ಅನಾಥಾಶ್ರಮದಾಗ ನಾಕು ವಾರ ಸೇವಾ ಅಂತ ಮಾರ್ತಾರಲ್ಲ, ಅದು ಬ್ಯಾಡೇ ಬ್ಯಾಡ. ಅಂಥಲ್ಲಿ ಇರೋ ಭಾಳ ಮಕ್ಕಳಿಗೆ ತಂದಿ ತಾಯಿ ಒಳಗ ಒಬ್ರರ ಇರ್ತಾರ. ರೊಕ್ಕಾ ಕೊಡೋ ಮಂದಿ ಬರ್ತಾರಂತ ಮಕ್ಕಳನ್ನ ತುಂಬಿಸಿಟ್ಕೊಳ್ಳೋ ಜಾಗಾನೂ ಅದಾವು. ನಾಕು ವಾರ ಹಚ್ಚಿಕೊಂಡು ಬಿಟ್ಟು ಬಂದ್ರ ಆ ಕೂಸಿನ ಗತಿ ಏನ್ರಿ? ಅಂಥ ಕೆಲಸಕ್ಕ ಎಂದೂ ಕೈ ಹಾಕದ ಹುಡುಗಿ ಅಲ್ಲಿ ಹೋಗಿ ಏನ್ ಉದ್ಧಾರ ಮಾಡ್ತಾಳ?

ಅದಕ್ಕಿಂತ ಹೊಲದಾಗ ದುಡಿಯೂದು ಚಲೋ. 1971ರಾಗ ಇಂಗ್ಲೆಂಡಿನ್ಯಾಗ ಸುರು ಆದ ವೂಫ್ ಅನ್ನೋ ಜಾಲ ಐತಿ, ಸಾವಯವ ಹೊಲದಾಗ ಕೆಲಸ ಮಾಡ್ರಿ, ಊಟ ವಸತಿ ಅವ್ರು ಕೊಡ್ತಾರ. ಭಾಳ ದೇಶದಾಗ ಐತಿ.

ಸೀದಾಮಾತು
ಹದಿನೆಂಟು ತುಂಬದ ಹುಡುಗಿನ ಗೊತ್ತಿಲ್ಲದ ಹೊಲಕ್ಕೆ ಕಳಿಸಿ ಅಂತೀರಾ?

ಕಾಡುಹಾದಿ
ತುಂಬಿದ ಮ್ಯಾಲೆ ಹೋಗ್ಲಿ, ಒಬ್ಬಾಕಿ ಬ್ಯಾಡ, ಗೆಳತಿ ಜೋಡಿ ಹೋಗ್ಲಿ. ಮೊದಲ ಹೋಗಿ ಬಂದವ್ರು ಬರದಿದ್ದು ಓದಿ, ಫೋನ್ ಮಾಡಿ ಮಾತಾಡಿ ಆಮ್ಯಾಲೆ ಹೋಗ್ಲಿ. ಯಾರೂ ಕಣ್ಣು ಮುಚ್ಚಿ ಕಳಸ್ರಿ ಅನ್ಲಿಲ್ಲ.

ರಾತ್ರಿಪಾಳಿ
ಎಲ್ಲಾ ಓದಿದೆ, ಹೆಂಡತಿಗೂ ಓದೋಕೆ ಕೊಟ್ಟೆ. ಮೇಷ್ಟ್ರೇ, ಕೋರ್ಸು ಎಲೆಕ್ಟ್ರಾನಿಕ್ಸ್, ಹಾಗಾಗಿ ಗಣಿತ ಬೇಕೇ ಬೇಕು. ಡಾಕ್ಟ್ರು ಕೇಳಿದ್ದು ನಾನೂ ಕೇಳಿದೆ ಅವಳನ್ನ. ಚಿತ್ರ ಬರೆಯೋದು, ಫ್ರೆಂಡ್ಸ್ ಜೊತೆ ಹರಟೆ ಎಲ್ಲಾ ಮಾಮೂಲಿ ಇದೆ, ಓದು ಅಂದ್ರೆ ಮಾತ್ರ ಮುಖ ಬಾಡುತ್ತೆ. ಆದ್ರೂ ಒಂದ್ಸಲ ತೋರಿಸ್ತೀವಿ. ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋ ಜಾಗದಲ್ಲಿ ಆರು ತಿಂಗಳು ಕೆಲಸ ಕಲಿತು ನೋಡ್ತೀಯಾ, ಇಷ್ಟ ಆದ್ರೆ ಸೇರು ಅಂದೆ. ಅದಕ್ಕೆ ಕಣ್ಣರಳಿಸಿ ಹೂಂ ಅಂದ್ಲು, ಇಷ್ಟು ದಿನದಲ್ಲಿ ಅವಳು ಅಷ್ಟು ಬೇಗ ಯಾವ್ದಕ್ಕೂ ಹೂಂ ಅಂದಿರ್ಲಿಲ್ಲ.

ಕಾಲೇಜಿಗೆ ಫೋನ್ ಮಾಡಿದ್ದೆ. ಒಂದು ವರ್ಷ ಮುಂದಕ್ಕೆ ಹಾಕ್ಬೋದು, ಕಾರಣ ಬರ್ದು ಪತ್ರ ಕೊಡಿ, ಕಮಿಟಿ ನೋಡುತ್ತೆ ಅಂದ್ರು. ಅವರಮ್ಮ ಇನ್ನೂ ಒಪ್ಪಿಲ್ಲ. ಕಮಿಟಿ ಒಪ್ಪಿದ್ರೆ ನಾನೂ ಯೋಚ್ನೆ ಮಾಡ್ತೀನಿ ಅಂತಷ್ಟೇ ಹೇಳಿದಾರೆ. ಪತ್ರದಲ್ಲಿ ಏನು ಬರೀಬೇಕು?

ಗಣಿತಮೇಷ್ಟ್ರು
ಎಲೆಕ್ಟ್ರಾನಿಕ್ಸ್ ಅಂದ್ರೆ ಕ್ಯಾಲ್ಕುಲಸ್, ಕಾಂಪ್ಲೆಕ್ಸ್ ನಂಬರ್ಸ್, ಮ್ಯಾಟ್ರಿಕ್ಸ್, ಇಷ್ಟು ಕೈಯಲ್ಲಿರ್ಲಿ. ಹಳೇ ಪುಸ್ತಕ ಮಾರ್ಬೇಡಿ. ರಿಪೇರಿ ಕೆಲಸ ಒಳ್ಳೇ ಯೋಚನೆ. ಕೆಪಾಸಿಟರ್ ಕೈಲಿ ಹಿಡಿದು ನೋಡಿದ ಹುಡುಗಿಗೆ ಅದ್ರ ಡಿಫರೆನ್ಷಿಯಲ್ ಈಕ್ವೇಶನ್ ಹೇಳ್ಕೊಡೋದು ನಮಗೂ ಸುಲಭ.

ಲೈಬ್ರರಿಅಕ್ಕ
ಪತ್ರ ಮಗಳೇ ಬರೀಲಿ, ಅವಳ ಮಾತಲ್ಲೇ. ಒಂದು ಪುಟ ಸಾಕು. ಈ ಕೋರ್ಸೇ ಬೇಕು ಅನ್ನೋದು ಮೊದಲು ಬರ್ಲಿ, ಆಮೇಲೆ ವರ್ಷದಲ್ಲಿ ಏನು ಮಾಡ್ತಾಳೆ, ಯಾವ ತಿಂಗಳು ವಾಪಸ್ ಬರ್ತಾಳೆ. ಸುಸ್ತಾಗಿದೆ ಅಂತಷ್ಟೇ ಬರೆದ್ರೆ ಕಮಿಟಿಯವ್ರು ಬೇಡ ಅನ್ನೋ ಸಾಧ್ಯತೆ ಜಾಸ್ತಿ. ಬ್ರೇಕ್ ಕೇಳೋದು ಅವಮಾನದ ವಿಷ್ಯ ಅಂತೇನೂ ಅಂದ್ಕೋಬೇಡಿ. 2020ರಲ್ಲಿ ಕೋವಿಡ್ ಬಂದಾಗ ಹಾರ್ವರ್ಡ್‌ನಲ್ಲಿ ಮೊದಲ ವರ್ಷಕ್ಕೆ ಬರ್ಬೇಕಿದ್ದೋರಲ್ಲಿ ಐದರಲ್ಲಿ ಒಬ್ರಿಗಿಂತ ಜಾಸ್ತಿ ಜನ ಮುಂದಕ್ಕೆ ಹಾಕ್ಕೊಂಡ್ರು. ಅದಕ್ಕೂ ಎಷ್ಟೋ ವರ್ಷ ಮುಂಚೆಯಿಂದ ಸೀಟ್ ಸಿಕ್ಕ ಮಕ್ಕಳಿಗೆ ಬೇಕಾದ್ರೆ ಒಂದು ವರ್ಷ ಬಿಟ್ಟು ಬನ್ನಿ ಅಂತ ಅವ್ರೇ ಹೇಳ್ಕೊಂಡು ಬಂದಿದಾರೆ.

ಮಳೆಬಿಲ್ಲು
ಆ ವರ್ಷ ಆನ್‌ಲೈನಲ್ಲಿ ಡಿಗ್ರಿಯ ಒಂದೆರಡು ಪೇಪರ್ ಮುಗಿಸ್ಕೊಂಡ್ರೆ? ಮುಂದೆ ಹೊರೆ ಕಮ್ಮಿ ಆಗುತ್ತಲ್ಲ.

ಕೈಗಡ
ಕೇಳದೇ ಮಾಡ್ಬೇಡಿ! ಸೀಟ್ ಮುಂದಕ್ಕೆ ಹಾಕಿದ ವರ್ಷ ಬೇರೆ ಕಡೆ ಡಿಗ್ರಿ ಕೋರ್ಸಿಗೆ ಸೇರಬಾರದು ಅಂತ ಎಷ್ಟೋ ಕಾಲೇಜು ಷರತ್ತು ಹಾಕ್ತಾರೆ. ಅಮೆರಿಕದಂಥ ಕಡೆ ಬೇರೆಡೆ ಡಿಗ್ರಿಗೆ ಲೆಕ್ಕ ಆಗೋ ಕ್ರೆಡಿಟ್ ತಗೊಂಡ್ರೆ ಹೊಸ ವಿದ್ಯಾರ್ಥಿ ಅನ್ನೋ ಲೆಕ್ಕದಿಂದ ತೆಗೆದು ಟ್ರಾನ್ಸ್‌ಫರ್ ವಿದ್ಯಾರ್ಥಿ ಅಂತ ಮಾಡ್ಬೋದು, ಹೊಸಬರಿಗೆ ಅಂತ ಇಟ್ಟಿರೋ ಸ್ಕಾಲರ್‌ಶಿಪ್ ಹೋಗುತ್ತೆ. ಕ್ರೆಡಿಟ್ ಇಲ್ಲದ ಉಚಿತ ಆನ್‌ಲೈನ್ ಪಾಠ ಕೇಳೋದಕ್ಕೆ ಸಾಮಾನ್ಯವಾಗಿ ತೊಂದರೆ ಇರಲ್ಲ.

ರಾತ್ರಿಪಾಳಿ
ಇದು ನಮಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಮುಂಗಡ ಕಟ್ಟಿರೋ ಫೀ ಈಗ ವಾಪಸ್ ಕೇಳ್ಬೋದಾ, ಇಲ್ಲಾ ಮುಂದಿನ ವರ್ಷಕ್ಕೆ ಹಿಡ್ಕೊಳ್ಳಿ ಅನ್ಲಾ?

ಕೈಗಡ
ಕಮಿಟಿ ಒಪ್ಪಿದ ಪತ್ರ ಕೈಗೆ ಬರೋವರೆಗೂ ರೀಫಂಡ್ ಅನ್ನೋ ಮಾತೇ ಎತ್ತಬೇಡಿ ಸರ್, ಕೆಲವು ಕಡೆ ರೀಫಂಡ್ ಕೇಳಿದ್ರೆ ಸೀಟ್ ಬಿಟ್ಟ ಹಾಗೇ ಲೆಕ್ಕ. ಕೊನೇ ದಿನದೊಳಗೆ ಪತ್ರ ಬರ್ಲಿಲ್ಲ ಅಂದ್ರೆ ಬಾಕಿ ಫೀ ಕಟ್ಟಿ ಸೀಟ್ ಉಳಿಸ್ಕೊಳ್ಳಿ, ಕಟ್ಟೋ ಮುಂಚೆ ಮಾತ್ರ ಆ ಫೀ ಮುಂದಿನ ವರ್ಷಕ್ಕೆ ಹೋಗುತ್ತಾ ಅಂತ ಈಮೇಲಲ್ಲಿ ಕೇಳಿ ಉತ್ತರ ತರಿಸ್ಕೊಳ್ಳಿ.

ಸೀದಾಮಾತು
ನಾನು ಈಗ್ಲೂ ನಿಮ್ಮ ಮನೆಯವ್ರ ಕಡೆನೇ ಸರ್. ಆದ್ರೆ ಕೈಗಡ ಅವ್ರು ಹೇಳಿದ ಹಾಗೆ ಮಾಡಿ, ಈಮೇಲ್ ಇವತ್ತೇ ಕಳಿಸಿ.